ಅಲ್ಝೈಮರ್ ಮಿದುಳಿನ ಎಪಿಜೆನೆಟಿಕ್ ಬದಲಾವಣೆ: ಕಾರಣವೋ, ಪರಿಣಾಮವೋ?

ತಿರುಗುಬಾಣ:
ಒಂದು ವಾದ ಮುಂದಿಡ್ತಾ ಇದ್ದೀನಿ, ಮುಲಾಜಿಲ್ಲದೆ ಜಗ್ಗಾಡಿ.

ಅಲ್ಝೈಮರ್ ಅಂದ ಕೂಡಲೇ ಎಲ್ಲರೂ ಜೀನ್ ಮಾತಿಗೆ ಬರ್ತಾರೆ. ಆದರೆ ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಅನ್ನೋ ಮೂರು ಜೀನ್‌ಗಳಲ್ಲಿ ನೇರ ದೋಷ ಇದ್ದು, ನಲವತ್ತು ಐವತ್ತಕ್ಕೇ ಕಾಯಿಲೆ ಹಿಡಿಯುವವರು ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಅಷ್ಟೇ. ಉಳಿದವರಲ್ಲಿ ಬಹುಪಾಲು 65 ದಾಟಿದವರು. ಅವರ ವಿಷಯದಲ್ಲಿ ದೊಡ್ಡ ಹೆಸರು ಏಪೋಇ-4. ಅದರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಇನ್ನೂ ಬಹಳ ಹೆಚ್ಚು. ಆದರೂ ಅದನ್ನು ಹೊತ್ತುಕೊಂಡೇ ಇಳಿವಯಸ್ಸಿನವರೆಗೂ ಚುರುಕಾಗಿದ್ದವರಿದ್ದಾರೆ, ಅದಿಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಮಿಕ್ಕ ಲೆಕ್ಕ ಎಲ್ಲಿದೆ?

ಎಪಿಜೆನೆಟಿಕ್ಸ್‌ನಲ್ಲಿ ಅನ್ನೋದು ನನ್ನ ವಾದ. ಡಿಎನ್‌ಎ ಅಕ್ಷರಗಳು ಇದ್ದ ಹಾಗೇ ಇರುತ್ತವೆ. ಅದರ ಸೈಟೊಸಿನ್ ಮೇಲೆ ಮಿಥೈಲ್ ಗುಂಪು ಬಂದು ಕೂರುತ್ತೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಬಾಲಕ್ಕೆ ಅಸಿಟೈಲ್ ಗುಂಪು ಅಂಟುತ್ತೆ, ಕಳಚುತ್ತೆ. ಯಾವ ಜೀನ್ ಓದಬೇಕು, ಯಾವುದು ಮುಚ್ಚಿರಬೇಕು ಅನ್ನೋದರಲ್ಲಿ ಈ ಗುರುತುಗಳ ಪಾಲು ದೊಡ್ಡದು.

ಆಧಾರ ಮೂರು. 2009ರಲ್ಲಿ ತದ್ರೂಪಿ ಅವಳಿಗಳ ಒಂದು ಜೋಡಿಯ ಅಧ್ಯಯನ ಬಂತು. ಒಬ್ಬರಿಗೆ 60ರ ಹೊತ್ತಿಗೆ ಅಲ್ಝೈಮರ್ ಶುರುವಾಗಿ 76ಕ್ಕೆ ತೀರಿಕೊಂಡರು. ಕೆಲಸದಲ್ಲಿ ಕೀಟನಾಶಕಗಳ ಒಡನಾಟ ಜಾಸ್ತಿ ಇತ್ತು. ಇನ್ನೊಬ್ಬರು 79ರವರೆಗೆ ಬದುಕಿದರು, ಮರೆವಿನ ಸುಳಿವೇ ಇಲ್ಲ. ರೋಗ ಬಂದವರ ಟೆಂಪೊರಲ್ ಕಾರ್ಟೆಕ್ಸಿನ, ಅಂದರೆ ಕಿವಿಯ ಬಳಿಯ ಮಿದುಳಿನ ಹೊರಪದರದ, ನರಕೋಶಗಳಲ್ಲಿ ಮಿಥೈಲೇಶನ್ ಕಡಿಮೆಯಾಗಿತ್ತು. ಎರಡನೆಯದು, 2014ರಲ್ಲಿ ಬೇರೆ ಬೇರೆ ಎರಡು ತಂಡಗಳು ನೂರಾರು ಮಿದುಳು ನೋಡಿ ಒಂದೇ ಜೀನಿನ ಬಳಿ ಬಂದು ನಿಂತವು: ಆಂಕಿರಿನ್-1. ಮೂರನೆಯದು, 2007ರಲ್ಲಿ ಎಂಐಟಿಯ ಲಿ-ಹುಯೆ ತ್ಸಾಯ್ ತಂಡ ನರಕೋಶ ಸಾಯುತ್ತಿದ್ದ ಇಲಿಗಳಿಗೆ ಹಿಸ್ಟೋನ್ ಡಿಅಸಿಟೈಲೇಸ್, ಅಂದರೆ ಆ ಅಸಿಟೈಲ್ ಗುಂಪನ್ನ ಕಳಚುವ ಕಿಣ್ವವನ್ನ, ತಡೆಯುವ ರಾಸಾಯನಿಕ ಕೊಟ್ಟಿತು. ಕಳೆದೇ ಹೋಯಿತು ಅಂದುಕೊಂಡಿದ್ದ ದೀರ್ಘಕಾಲದ ನೆನಪು ವಾಪಸ್ ಬಂತು.

ಗುರುತು ಬದಲಾಯಿಸಬಹುದು ಅಂದಮೇಲೆ ಕಾಯಿಲೆಯನ್ನೂ ಹಿಂದಕ್ಕೆ ತಿರುಗಿಸಬಹುದು. ಹೇಳಿ ಈಗ.

ಸಂದೇಹಿ:
ಅವಳಿಗಳು ಅಂದಿರಲ್ಲ, ಎಷ್ಟು ಜೋಡಿ? ಒಂದು. ಅದೂ ಕೀಟನಾಶಕದಿಂದಲೇ ಮಿಥೈಲ್ ಹೋಯಿತಾ, ಹದಿನಾರು ವರ್ಷದ ಕಾಯಿಲೆಯಿಂದ ಹೋಯಿತಾ ಅಂತ ಆ ಒಂದು ಜೋಡಿ ಹೇಗೆ ಹೇಳುತ್ತೆ? ಅವಳಿಗಳನ್ನೇ ನೋಡೋದಾದರೆ 2006ರಲ್ಲಿ ಸ್ವೀಡನ್ನಿನ ಅವಳಿ ನೋಂದಣಿಯ 11 ಸಾವಿರಕ್ಕೂ ಹೆಚ್ಚು ಜೋಡಿಗಳ ಲೆಕ್ಕ ಇದೆ. ಅಲ್ಲಿ ಅಲ್ಝೈಮರ್‌ನ ಅನುವಂಶೀಯತೆ ಶೇ. 58ರಿಂದ 79. ಜೀನ್ ಪಾಲು ಸಣ್ಣದು ಅನ್ನೋ ಹಾಗಿಲ್ಲ. ಜೀನ್ ಹಣೆಬರಹ ಅಲ್ಲ ಅನ್ನೋದು ಬೇರೆ ಮಾತು, ಅದನ್ನ ನಾನೂ ಒಪ್ತೀನಿ.

ಇಲಿಗೆ ನೆನಪು ಬಂತು ಅಂದ ಕೂಡಲೇ ಮನುಷ್ಯನಿಗೂ ಬರುತ್ತೆ ಅನ್ನೋದು ಎತ್ತು ಈದಿದೆ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗಾಯ್ತು. ಅಲ್ಝೈಮರ್‌ನಲ್ಲಿ ಇಲಿ ಗುಣವಾಗಿ ಮನುಷ್ಯ ಆಗದೇ ಹೋದ ಔಷಧಿಗಳ ಪಟ್ಟಿ ಬಹಳ ಉದ್ದ ಇದೆ.

ತಿರುಗುಬಾಣ:
@ಸಂದೇಹಿ ಅನುವಂಶೀಯತೆ ಶೇ. 79 ಅಂತಲೇ ಇಟ್ಟುಕೊಳ್ಳಿ, ಆಗಲೂ 21 ಉಳಿಯಿತಲ್ಲ. 2014ರ ಅಧ್ಯಯನವನ್ನ ಮುಟ್ಟದೇ ದಾಟಿಬಿಟ್ಟಿರಿ. ಒಂದು ತಂಡ 708 ಮಿದುಳು ತಗೊಂಡು 4,15,848 ಜಾಗಗಳನ್ನ ಪರೀಕ್ಷಿಸಿತು. ರೋಗದ ಹೊರೆಗೆ ತಕ್ಕಂತೆ ಮಿಥೈಲೇಶನ್ ಬದಲಾಗಿದ್ದ ಜಾಗ 71. ಅವುಗಳಲ್ಲಿ ಕೆಲವು ಬಿನ್1, ಎಬಿಸಿಎ7 ಜೀನುಗಳ ಬಳಿಯವು, ಅಂದರೆ ಅಲ್ಝೈಮರ್‌ಗೆ ಸಂಬಂಧಿಸಿದ್ದು ಅಂತ ಮೊದಲೇ ಗೊತ್ತಿದ್ದವು. ಮುಖ್ಯವಾದ ಮಾತು ಏನಂದರೆ, ಬದುಕಿದ್ದಾಗ ಮರೆವಿನ ಲಕ್ಷಣವೇ ಇಲ್ಲದವರ ಮಿದುಳಲ್ಲೂ ಈ ಬದಲಾವಣೆ ಕಂಡಿದೆ. ಲಕ್ಷಣಕ್ಕಿಂತ ಮೊದಲೇ ಇತ್ತು ಅಂದರೆ ಅದು ಪರಿಣಾಮ ಹೇಗಾಗುತ್ತೆ?

ರಾತ್ರಿಪಾಳಿ:
ಲಕ್ಷಣಕ್ಕಿಂತ ಮೊದಲು ಎಂದರೆ ರೋಗಕ್ಕಿಂತ ಮೊದಲು ಎಂದಲ್ಲ. ಅಮಿಲಾಯ್ಡ್ ಎಂಬ ಪ್ರೋಟೀನ್ ತುಣುಕಿನ ಶೇಖರಣೆ ಮಿದುಳಿನಲ್ಲಿ ಶುರುವಾಗುವುದು ಮರೆವು ಕಾಣಿಸುವ ಹದಿನೈದು ಇಪ್ಪತ್ತು ವರ್ಷ ಮುಂಚೆ. ನೀವು ಹೇಳಿದ ‘ಲಕ್ಷಣವಿಲ್ಲದವರ’ ಮಿದುಳಿನಲ್ಲೂ ಪ್ಲೇಕ್, ಅಂದರೆ ಆ ಅಮಿಲಾಯ್ಡಿನ ಗಡ್ಡೆ, ಇತ್ತು. ಆ ಅಧ್ಯಯನ ಅಳೆದದ್ದೇ ಪ್ಲೇಕಿಗೆ ತಕ್ಕ ಬದಲಾವಣೆಯನ್ನು. ರೋಗ ಅಷ್ಟರಲ್ಲಾಗಲೇ ಒಳಗೆ ಇತ್ತು, ರೋಗಿಗೆ ಗೊತ್ತಿರಲಿಲ್ಲ ಅಷ್ಟೆ. ನರರೋಗ ವಿಭಾಗದಲ್ಲಿ ದಿನಾ ಇವರನ್ನು ನೋಡುವವನಾಗಿ ಹೇಳುತ್ತಿದ್ದೇನೆ: ನಮ್ಮ ಬಳಿ ಬರುವ ಹೊತ್ತಿಗೆ ಮಿದುಳಿನ ಕಥೆಯ ಮುಕ್ಕಾಲು ಭಾಗ ಮುಗಿದಿರುತ್ತದೆ.

ಅಂಕಿಲೆಕ್ಕ:
ಕಾರಣವೋ ಪರಿಣಾಮವೋ ಅನ್ನೋ ಜಗಳಕ್ಕೆ ಮೊದಲು, ‘ಬದಲಾವಣೆ’ ಆಗಿದೆಯಾ ಅಂತ ಕೇಳಬೇಕು. ಇಂಥ ದತ್ತಾಂಶದ ಜತೆ ಕೆಲಸ ಮಾಡೋನು ನಾನು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಆ ಕಾಲದ ವಿಧಾನ ಹೀಗೆ: ಮಿದುಳು ಬ್ಯಾಂಕಿನ ಫ್ರೀಜರಿನಿಂದ ಸಣ್ಣ ತುಂಡು ತೆಗೀತಾರೆ, ಅರೀತಾರೆ, ಡಿಎನ್‌ಎ ಬೇರ್ಪಡಿಸ್ತಾರೆ. ಅದಕ್ಕೆ ಬೈಸಲ್ಫೈಟ್ ಹಾಕಿದರೆ ಮಿಥೈಲ್ ಇಲ್ಲದ ಸೈಟೊಸಿನ್ ಯುರಾಸಿಲ್ ಆಗುತ್ತೆ, ಮಿಥೈಲ್ ಇರೋದು ಹಾಗೇ ಉಳಿಯುತ್ತೆ. ಆಮೇಲೆ ಚಿಪ್ ಮೇಲೆ ಓದಿದರೆ ಪ್ರತಿ ಜಾಗಕ್ಕೂ ಒಂದು ಶೇಕಡಾ ಸಿಗುತ್ತೆ. ಅರೆದಿದ್ದರಲ್ಲಿ ನರಕೋಶ, ಅದಕ್ಕೆ ಆಸರೆಯಾಗುವ ಆಸ್ಟ್ರೋಸೈಟ್, ಆಲಿಗೋಡೆಂಡ್ರೋಸೈಟ್, ಮಿದುಳಿನ ಕಾವಲು ಕೋಶವಾದ ಮೈಕ್ರೋಗ್ಲಿಯಾ (ಕೊನೇ ಮೂರಕ್ಕೂ ಒಟ್ಟಿಗೆ ಗ್ಲಿಯಾ ಅಂತಾರೆ) ಎಲ್ಲ ಕಲಸಿಹೋಗಿರುತ್ತೆ.

ಈಗ ಒಂದು ಕಾಲ್ಪನಿಕ ಜಾಗ ತಗೊಳ್ಳಿ. ನರಕೋಶದಲ್ಲಿ ಅಲ್ಲಿ ಮಿಥೈಲೇಶನ್ ಶೇ. 20, ಗ್ಲಿಯಾ ಕೋಶಗಳಲ್ಲಿ ಶೇ. 80. ಆರೋಗ್ಯವಂತರ ತುಂಡಲ್ಲಿ ಎರಡೂ ಅರ್ಧರ್ಧ ಇದ್ದರೆ ಚಿಪ್ ಹೇಳೋದು 50. ರೋಗದಲ್ಲಿ ನರಕೋಶ ಸತ್ತು ಅವುಗಳ ಪಾಲು ಶೇ. 40ಕ್ಕೆ ಇಳೀತು ಅನ್ನಿ. 0.4 ಗುಣಿಸು 20 ಅಂದರೆ 8, 0.6 ಗುಣಿಸು 80 ಅಂದರೆ 48. ಒಟ್ಟು 56. ಒಂದೇ ಒಂದು ಕೋಶದ ಒಂದೇ ಒಂದು ಗುರುತೂ ಬದಲಾಗಿಲ್ಲ, ಆದರೂ ಆರು ಅಂಶ ಏರಿಕೆ! ಇಂಥ ಅಧ್ಯಯನಗಳಲ್ಲಿ ಸಿಗುವ ವ್ಯತ್ಯಾಸಗಳು ಬಹುತೇಕ ಇಂಥವೇ ಸಣ್ಣ ಅಂಕಿಗಳು. ಅಲ್ಝೈಮರ್ ಅಂದರೇನೇ ನರಕೋಶ ಸಾಯೋದು, ಗ್ಲಿಯಾ ಎದ್ದು ಕೂರೋದು. ಹಾಗಿದ್ದಾಗ ಅರೆದ ತುಂಡಿನ ಸರಾಸರಿಯನ್ನ ನಂಬಿ ರೋಗದ ಬೇರು ಸಿಕ್ಕಿತು ಅಂದರೆ ಹೇಗೆ?

ಲೆಕ್ಕ ಹಾಕಿ ಸರಿಪಡಿಸ್ತಾರೆ, ಅದು ಗೊತ್ತು. 2014ರ ತಂಡಗಳೂ ಪ್ರಯತ್ನ ಮಾಡಿದ್ದವು. ಆದರೆ ನರಕೋಶ ಎಷ್ಟು, ಉಳಿದದ್ದೆಷ್ಟು ಅಂತ ಎರಡೇ ಪಾಲು ಮಾಡಿ ಸರಿಪಡಿಸಿದರೆ, ಉಳಿದದ್ದರೊಳಗೆ ಮೈಕ್ರೋಗ್ಲಿಯಾ ಹೆಚ್ಚಾಯಿತಾ ಅನ್ನೋದು ಕಣ್ಣಿಗೆ ಬೀಳಲ್ಲ.

ಇನ್ನೂ ಒಂದು ತೊಡಕು. ಮಿದುಳಲ್ಲಿ ಹೈಡ್ರಾಕ್ಸಿಮಿಥೈಲ್ ಅನ್ನೋ ಇನ್ನೊಂದು ಗುರುತು ಬೇರೆ ಅಂಗಗಳಿಗಿಂತ ಬಹಳ ಹೆಚ್ಚು. ಬರೀ ಬೈಸಲ್ಫೈಟ್‌ಗೆ ಅದೂ ಮಿಥೈಲೂ ಒಂದೇ ಥರ ಕಾಣುತ್ತೆ. ಕೆಲಸ ನೋಡಿದರೆ ಎರಡೂ ಬೇರೆ. ಮಿಥೈಲ್ ಅಳಿಸುವ ಟೆಟ್ ಕಿಣ್ವಗಳ ದಾರಿಯ ನಡುವೆ ಹುಟ್ಟೋದು ಇದು.

ಕುಂಟೋಬಿಲ್ಲೆ:
ಈ 0.4 ಗುಣಿಸು 20 ನೋಡಿದ ಮೇಲೆ ಹಳೇ ಪ್ರಬಂಧಗಳನ್ನೆಲ್ಲ ಇನ್ನೊಂದು ಸಲ ಓದಬೇಕು ಅನ್ನಿಸ್ತಿದೆ 😐

ತಿರುಗುಬಾಣ:
@ಅಂಕಿಲೆಕ್ಕ ಲೆಕ್ಕ ಸರಿ ಇದೆ, ತಕರಾರಿಲ್ಲ. ಆದರೆ ಬರೀ ಕೋಶಗಳ ಪಾಲು ಏರುಪೇರಾದದ್ದೇ ಆಗಿದ್ದರೆ ಜೀನೋಮ್ ತುಂಬ ಸಾವಿರಾರು ಕಡೆ ಒಂದೇ ರೀತಿ ಏರಿಳಿತ ಕಾಣಬೇಕಿತ್ತು. 71 ಜಾಗ ಯಾಕೆ? ಇನ್ನೊಂದು ತಂಡ ಮಿದುಳಿನ ಹಿಂಭಾಗದ ಸೆರೆಬೆಲ್ಲಮ್ ಕೂಡ ನೋಡಿತ್ತು. ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ಅಂದರೆ ರೋಗ ಮೊದಲು ಕಾಲಿಡುವ ಜಾಗದಲ್ಲಿ, ಆಂಕಿರಿನ್-1ರ ಬದಲಾವಣೆ ಚೆನ್ನಾಗಿ ಕಾಣುತ್ತೆ, ಸೆರೆಬೆಲ್ಲಮ್‌ನಲ್ಲಿ ಇಲ್ಲ. ಕೊನೇ ದಿನಗಳ ಔಷಧಿ, ಜ್ವರ, ಆಮ್ಲಜನಕದ ಕೊರತೆ ಇವೇ ಕಾರಣ ಆಗಿದ್ದರೆ ಎರಡೂ ಕಡೆ ಕಾಣಬೇಕಿತ್ತಲ್ವಾ?

ಅಂಕಿಲೆಕ್ಕ:
ಸೆರೆಬೆಲ್ಲಮ್‌ನಲ್ಲಿ ಇಲ್ಲ ಅನ್ನೋದು ಔಷಧಿಯ ಅನುಮಾನವನ್ನ ಕಳೆಯುತ್ತೆ, ಅದು ನಿಮ್ಮ ಕಡೆಗೆ. ಆದರೆ ಸೆರೆಬೆಲ್ಲಮ್‌ನಲ್ಲಿ ರೋಗವೂ ಕಡಿಮೆ, ನರಕೋಶದ ಸಾವೂ ಕಡಿಮೆ. ಪರಿಣಾಮ ಅನ್ನೋರಿಗೂ ಅದೇ ಸಾಕ್ಷಿ ಸಲ್ಲುತ್ತೆ.

ಆಂಕಿರಿನ್-1ರ ಮುಂದಿನ ಕಥೆಯನ್ನೂ ಹೇಳಬೇಕು. 2017ರಲ್ಲಿ ಒಂದು ತಂಡ ಲೇಸರ್‌ನಿಂದ ಬಗೆಬಗೆಯ ಕೋಶಗಳನ್ನ ಬಿಡಿಬಿಡಿಯಾಗಿ ಕತ್ತರಿಸಿ ತೆಗೆದು ನೋಡಿತು. ಅಲ್ಝೈಮರ್ ಮಿದುಳಲ್ಲಿ ಆಂಕಿರಿನ್-1 ಏರಿದ್ದು ಮೈಕ್ರೋಗ್ಲಿಯಾದಲ್ಲಿ, ನರಕೋಶದಲ್ಲಿ ಅಲ್ಲ. ಮೂರು ವರ್ಷ ಎಲ್ಲರೂ ನರಕೋಶದ ಕಥೆ ಅಂತ ಓದಿಕೊಂಡಿದ್ದರು.

2021ರಲ್ಲಿ 1,453 ಜನರ ಮಿದುಳಿನ ದತ್ತಾಂಶ ಒಟ್ಟುಗೂಡಿಸಿದಾಗ ಕಾರ್ಟೆಕ್ಸಿನ ಉದ್ದಕ್ಕೂ 220 ಜಾಗ ಸಿಕ್ಕವು. ಸಂಕೇತ ಇರೋದು ನಿಜ. ಅದು ಯಾವ ಕೋಶದ್ದು ಅಂತ ಕೇಳ್ತಿದ್ದೀನಿ ಅಷ್ಟೆ.

ಜೀವಕೋಶಿ:
ಅಂಕಿಲೆಕ್ಕ ಅವರ ಪ್ರಶ್ನೆಯಿಂದಲೇ ಮುಂದುವರಿಸ್ತೀನಿ. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ‘ಜೀನ್ ಒಂದು ಕಡೆ, ಎಪಿಜೆನೆಟಿಕ್ಸ್ ಇನ್ನೊಂದು ಕಡೆ’ ಅಂತ ಹಾಕಿರೋ ಗೆರೆಯೇ ತೊಂದರೆ ಮಾಡ್ತಿದೆ.

ಅಲ್ಝೈಮರ್ ಅಪಾಯಕ್ಕೆ ಸಂಬಂಧಿಸಿದ ಜೀನೋಮ್ ವ್ಯತ್ಯಾಸಗಳು ಬಹುಪಾಲು ಯಾವ ಪ್ರೋಟೀನನ್ನೂ ಕೆಡಿಸಲ್ಲ. ಅವು ಇರೋದು ಜೀನ್‌ಗಳ ನಡುವಿನ ಜಾಗದಲ್ಲಿ, ಎನ್‌ಹ್ಯಾನ್ಸರ್‌ಗಳಲ್ಲಿ. ಅಂದರೆ ಜೀನ್ ಯಾವಾಗ, ಯಾವ ಕೋಶದಲ್ಲಿ, ಎಷ್ಟು ಕೆಲಸ ಮಾಡಬೇಕು ಅಂತ ಹೇಳುವ ತುಣುಕುಗಳಲ್ಲಿ. ಎನ್‌ಹ್ಯಾನ್ಸರ್ ಯಾವ ಕೋಶದಲ್ಲಿ ತೆರೆದಿದೆ ಅಂತ ಗೊತ್ತಾಗೋದು ಹಿಸ್ಟೋನ್ ಗುರುತುಗಳಿಂದ. 2015ರಲ್ಲಿ ಆ ನಕ್ಷೆಗಳ ಮೇಲೆ ಅಪಾಯದ ವ್ಯತ್ಯಾಸಗಳನ್ನ ಇಟ್ಟು ನೋಡಿದಾಗ ಅವು ಸೇರಿಕೊಂಡಿದ್ದು ರೋಗನಿರೋಧಕ ಕೋಶಗಳ ಎನ್‌ಹ್ಯಾನ್ಸರ್‌ಗಳಲ್ಲಿ, ನರಕೋಶದವುಗಳಲ್ಲಿ ಅಲ್ಲ. ನೆನಪು ಹೋಗೋದು ನರಕೋಶದಿಂದ. ಅಪಾಯ ಬರೆದಿರೋದು ಕಾವಲು ಕೋಶದಲ್ಲಿ.

2019ರಲ್ಲಿ ಇನ್ನೂ ಚೆಂದದ ಪ್ರಯೋಗ ಆಯ್ತು. ಬಿನ್1 ಜೀನಿನ ಬಳಿ ಒಂದು ಎನ್‌ಹ್ಯಾನ್ಸರ್ ಇದೆ, ಅದು ಮೈಕ್ರೋಗ್ಲಿಯಾದಲ್ಲಿ ಮಾತ್ರ ಚುರುಕು. ಅಪಾಯದ ವ್ಯತ್ಯಾಸ ಕೂತಿರೋದು ಅದರೊಳಗೇ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಲ್ಲಿ, ಡಿಎನ್‌ಎ ಕತ್ತರಿಸುವ ಸಾಧನವಾದ ಕ್ರಿಸ್ಪರ್‌ನಿಂದ ಆ ತುಣುಕನ್ನ ಕತ್ತರಿಸಿ ತೆಗೆದು, ಆಮೇಲೆ ಅವನ್ನ ಮೂರು ಬಗೆಯ ಕೋಶಗಳಾಗಿ ಬೆಳೆಸಿದರು. ಮೈಕ್ರೋಗ್ಲಿಯಾದಲ್ಲಿ ಬಿನ್1 ನಿಂತೇ ಹೋಯ್ತು. ನರಕೋಶದಲ್ಲಿ, ಆಸ್ಟ್ರೋಸೈಟ್‌ನಲ್ಲಿ ಏನೂ ಆಗಲಿಲ್ಲ. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಅನ್ನೋ ಗೊಂದಲ ಇಲ್ಲ. ಯಾಕಂದರೆ ಡಿಎನ್‌ಎ ಅಕ್ಷರ ಹುಟ್ಟಿನಿಂದಲೇ ಇರುತ್ತೆ, ರೋಗ ಬಂದು ಅದನ್ನ ಬದಲಾಯಿಸಲ್ಲ.

ತಿರುಗುಬಾಣ ಅವರೇ, ನೀವು ಹುಡುಕ್ತಿದ್ದ ಎಪಿಜೆನೆಟಿಕ್ ಪಾತ್ರ ಇದೆ. ಆದರೆ ಅದು ಜೀನ್ ಬಿಟ್ಟು ಉಳಿದ ಶೇ. 21ರಲ್ಲಷ್ಟೇ ಇಲ್ಲ, ಆ 79ರ ಒಳಗೂ ಇದೆ.

ಸಂದೇಹಿ:
ಜೀವಕೋಶಿ ಅವರ ಕೊನೇ ಸಾಲಿಗೆ ನನ್ನ ಮತ. ಆದರೆ ಹಾಗಾದಾಗ ‘ಜೀವನಶೈಲಿಯಿಂದ ಗುರುತು ಬದಲಾಯಿಸಿ’ ಅನ್ನೋ ಆಶ್ವಾಸನೆ ಬಿದ್ದುಹೋಗುತ್ತೆ. ಎನ್‌ಹ್ಯಾನ್ಸರ್‌ನ ಅಕ್ಷರ ವ್ಯಾಯಾಮದಿಂದ ಬದಲಾಗಲ್ಲ.

ತಿರುಗುಬಾಣ:
ಅಕ್ಷರ ಬದಲಾಗಲ್ಲ, ಅದು ತೆರೆಯೋದು ಮುಚ್ಚೋದು ಬದಲಾಗುತ್ತಲ್ಲ! ಪರಿಸರದ ಪಾತ್ರ ಬೇಡ ಅನ್ನೋರು 2008ರ ಕೋತಿಗಳ ಅಧ್ಯಯನ ನೋಡಬೇಕು. ಮರಿಗಳಾಗಿದ್ದಾಗ ಮಾತ್ರ ಸೀಸ ಕೊಟ್ಟು ನಿಲ್ಲಿಸಿದ್ದರು. 23 ವರ್ಷ ವಯಸ್ಸಾದ ಮೇಲೆ ಅವುಗಳ ಮಿದುಳಲ್ಲಿ ಅಲ್ಝೈಮರ್‌ಗೆ ಸಂಬಂಧಿಸಿದ ಎಪಿಪಿ, ಬೇಸ್1 ಜೀನುಗಳು ಹೆಚ್ಚು ಕೆಲಸ ಮಾಡ್ತಿದ್ದವು, ಮಿಥೈಲ್ ಹಚ್ಚುವ ಕಿಣ್ವದ ಚಟುವಟಿಕೆ ಕುಗ್ಗಿತ್ತು. ಸೀಸ ನಿಂತು ಎರಡು ದಶಕ ಆದರೂ ಅದರ ನೆನಪು ಎಲ್ಲೋ ಉಳಿದಿತ್ತು ಅಂದರೆ ಎಪಿಜೆನೆಟಿಕ್ ಗುರುತಲ್ಲದೆ ಇನ್ನೆಲ್ಲಿ?

ಸಂದೇಹಿ:
ಮೂಳೆಯಲ್ಲಿ! ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತೆ, ವಯಸ್ಸಾದ ಮೇಲೆ ನಿಧಾನವಾಗಿ ರಕ್ತಕ್ಕೆ ಬಿಡುತ್ತೆ. ಇಲ್ಲ ಅಂತ ತೋರಿಸಬೇಕಾದ ಹೊಣೆ ನಿಮ್ಮದು. ಬೆರಳೆಣಿಕೆಯ ಕೋತಿಗಳು ಬೇರೆ. ಕುತೂಹಲದ ಅಧ್ಯಯನ ಅನ್ನೋದನ್ನ ಒಪ್ತೀನಿ, ಅದಕ್ಕಿಂತ ಹೆಚ್ಚಿನ ಭಾರ ಅದರ ಮೇಲೆ ಹೇರಬೇಡಿ.

ಆರೈಕೆ:
ಇಷ್ಟು ಹೊತ್ತು ಓದ್ತಾ ಇದ್ದೆ. ವಿಜ್ಞಾನ ಅರ್ಧಂಬರ್ಧ ಅರ್ಥ ಆಯ್ತು. ನನ್ನ ಅತ್ತೆಗೆ ಅಲ್ಝೈಮರ್ ಇದೆ, ನೋಡ್ಕೊಳ್ಳೋದು ನಾನೇ. ನಮ್ಮ ಮನೆಯವರಿಗೆ ಪರಿಚಯದೋರೊಬ್ಬರು ‘ಎಪಿಜೆನೆಟಿಕ್ ಪರೀಕ್ಷೆ’ ಮಾಡಿಸಿ, ಎಂಜಲೋ ರಕ್ತವೋ ಕಳಿಸಿದರೆ ಮುಂದೆ ಅಲ್ಝೈಮರ್ ಬರುತ್ತಾ ಇಲ್ವಾ ಗೊತ್ತಾಗುತ್ತೆ, ಜತೆಗೆ ಮಿಥೈಲ್ ಸರಿ ಮಾಡೋ ವಿಟಮಿನ್ ಮಾತ್ರೆ ತಗೊಳ್ಳಿ ಅಂತ ಬೆನ್ನು ಹತ್ತಿದ್ದಾರೆ. ಇದರಲ್ಲಿ ಹುರುಳಿದೆಯಾ? ಒಂದು ಸಾಲಲ್ಲಿ ಹೇಳಿ.

ಅಂಕಿಲೆಕ್ಕ:
ಒಂದು ಸಾಲು: ದುಡ್ಡು ಉಳಿಸಿ.

ಎರಡನೇ ಸಾಲು ಬೇಕಾದರೆ: ರಕ್ತದ ಕೋಶದ ಮಿಥೈಲೇಶನ್ ಮಿದುಳಿನ ಕೋಶದ್ದಲ್ಲ. 2014ರ ಎರಡನೇ ತಂಡ ಕೆಲವರು ಬದುಕಿದ್ದಾಗ ತೆಗೆದಿಟ್ಟಿದ್ದ ರಕ್ತವನ್ನೂ ನೋಡಿತ್ತು. ಕಾರ್ಟೆಕ್ಸ್‌ನಲ್ಲಿ ಕಂಡ ಆಂಕಿರಿನ್-1 ಬದಲಾವಣೆ ಅಲ್ಲಿ ಕಾಣಲಿಲ್ಲ. ‘ಎಪಿಜೆನೆಟಿಕ್ ವಯಸ್ಸು’ ಅಂತ ಮಾರೋದರ ಮೂಲ 2013ರಲ್ಲಿ ಸ್ಟೀವ್ ಹಾರ್ವತ್ 353 ಜಾಗಗಳಿಂದ ಕಟ್ಟಿದ ಗಡಿಯಾರ. ಒಳ್ಳೇ ಸಂಶೋಧನಾ ಸಾಧನ ಅದು. ಒಬ್ಬ ವ್ಯಕ್ತಿಗೆ ಅಲ್ಝೈಮರ್ ಬರುತ್ತಾ ಅಂತ ಹೇಳೋಕೆ ಮಾಡಿದ್ದಲ್ಲ.

ರಾತ್ರಿಪಾಳಿ:
@ಆರೈಕೆ ಮಾತ್ರೆಯ ವಿಷಯ ನಾನು ಹೇಳುತ್ತೇನೆ. ಮಿಥೈಲ್ ಗುಂಪು ಕೊಡುವ ವಸ್ತು ಎಸ್-ಅಡೆನೊಸಿಲ್ ಮಿಥಿಯೊನಿನ್. ಅದರ ಚಕ್ರ ಸರಾಗವಾಗಿ ತಿರುಗಲು ಫೋಲೇಟ್, ಬಿ12 ಬೇಕು. ಕೊರತೆಯಾದರೆ ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ಇಲ್ಲಿಯವರೆಗೆ ತರ್ಕ ಸರಿಯಾಗಿದೆ. ಆದರೆ 2008ರಲ್ಲಿ ಅಲ್ಝೈಮರ್ ಇರುವ 409 ಜನರ ಮೇಲೆ 18 ತಿಂಗಳು ಹೆಚ್ಚಿನ ಪ್ರಮಾಣದ ಬಿ ವಿಟಮಿನ್ ಪ್ರಯೋಗ ನಡೆಯಿತು. ಹೋಮೊಸಿಸ್ಟೀನ್ ಇಳಿಯಿತು, ಮರೆವಿನ ವೇಗ ಇಳಿಯಲಿಲ್ಲ. 2010ರಲ್ಲಿ ಆಕ್ಸ್‌ಫರ್ಡ್ ತಂಡ ಇನ್ನೂ ಮೊದಲ ಹಂತದಲ್ಲಿದ್ದವರಿಗೆ ಕೊಟ್ಟು ನೋಡಿದಾಗ ಮಿದುಳು ಕುಗ್ಗುವ ವೇಗ ಶೇ. 30ರಷ್ಟು ಕಡಿಮೆಯಾಯಿತು, ಅದೂ ಹೋಮೊಸಿಸ್ಟೀನ್ ಹೆಚ್ಚಿದ್ದವರಲ್ಲಿ ಪರಿಣಾಮ ಎದ್ದು ಕಂಡಿತು. ಆದ್ದರಿಂದ ಬಿ12 ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ತುಂಬಿಸಿ. ಬಿ12 ಕೊರತೆಯೇ ಮರೆವು ತರಬಲ್ಲದು, ಅದನ್ನು ಸರಿಪಡಿಸಲೂ ಬಹುದು. ಕೊರತೆ ಇಲ್ಲದವರು ಮಿಥೈಲ್ ಹೆಸರಿನಲ್ಲಿ ಮಾತ್ರೆ ನುಂಗುವುದಕ್ಕೆ ಆಧಾರವಿಲ್ಲ.

ಇನ್ನು ರಕ್ತದಿಂದ ನಿಜವಾಗಿ ತಿಳಿಯುವ ಪರೀಕ್ಷೆ ಬೇರೆ ಇದೆ: ಪಿ-ಟೌ217. ಅದು ಅಳೆಯುವುದು ಟೌ ಎಂಬ, ಅಲ್ಝೈಮರ್‌ನಲ್ಲಿ ನರಕೋಶದೊಳಗೆ ಗಂಟುಕಟ್ಟುವ ಪ್ರೋಟೀನನ್ನು, ಮಿಥೈಲನ್ನಲ್ಲ. ಅದೂ ಲಕ್ಷಣ ಇರುವವರಿಗೆ ವೈದ್ಯರು ನಿರ್ಧರಿಸಿ ಮಾಡಿಸುವಂಥದ್ದು.

ಆರೈಕೆ:
ಥ್ಯಾಂಕ್ಸ್. ಬಿ12 ಮಾಡಿಸ್ತೀವಿ, ಇನ್ನೊಂದಕ್ಕೆ ಬೇಡ ಅಂತ ಹೇಳ್ತೀನಿ.

ತಿರುಗುಬಾಣ:
ಮಾರಾಟಗಾರರನ್ನ ನಾನೂ ಸಮರ್ಥಿಸಲ್ಲ. ಆದರೆ ಹಿಸ್ಟೋನ್ ವಿಷಯ ಯಾರೂ ಮಾತಾಡ್ತಿಲ್ಲ. 2012ರಲ್ಲಿ ಅದೇ ತ್ಸಾಯ್ ತಂಡ ರೋಗಪೀಡಿತ ಇಲಿಗಳಲ್ಲೂ, ಅಲ್ಝೈಮರ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲೂ ಎಚ್‌ಡ್ಯಾಕ್2 ಅನ್ನೋ ಹಿಸ್ಟೋನ್ ಡಿಅಸಿಟೈಲೇಸ್ ಕಿಣ್ವ ಏರಿರೋದನ್ನ ತೋರಿಸಿತು. ಅದು ಅಸಿಟೈಲ್ ಕಿತ್ತುಹಾಕುತ್ತೆ, ಕಲಿಕೆಗೆ ಬೇಕಾದ ಜೀನ್‌ಗಳು ಮುಚ್ಚಿಹೋಗುತ್ತವೆ. ಇಲಿಯಲ್ಲಿ ಎಚ್‌ಡ್ಯಾಕ್2 ತಗ್ಗಿಸಿದರೆ ಜೀನ್‌ಗಳು ಮತ್ತೆ ತೆರೀತವೆ, ನೆನಪು ಸುಧಾರಿಸುತ್ತೆ. ತಗ್ಗಿಸಿದರೆ ಸುಧಾರಿಸುತ್ತೆ ಅಂದಮೇಲೆ ಅದು ಬರೀ ಪರಿಣಾಮ ಹೇಗೆ?

ಜೀವಕೋಶಿ:
ಒಳ್ಳೇ ಪ್ರಶ್ನೆ. ಆ ಅಧ್ಯಯನದಲ್ಲೇ ಉತ್ತರದ ಅರ್ಧ ಇದೆ: ಎಚ್‌ಡ್ಯಾಕ್2 ಏರೋಕೆ ಕಾರಣ ಅಮಿಲಾಯ್ಡ್, ಆಕ್ಸಿಡೇಟಿವ್ ಒತ್ತಡ ಇಂಥವೇ. ಅಂದರೆ ಅಮಿಲಾಯ್ಡಿನ ಪರಿಣಾಮ, ಮರೆವಿನ ಕಾರಣ. ನಡುವಿನ ಕೊಂಡಿ.

ಟೌ ವಿಷಯದಲ್ಲೂ ಹೀಗೇ. 2014ರಲ್ಲಿ ಹಣ್ಣಿನ ನೊಣಗಳಲ್ಲಿ ತೋರಿಸಿದರು: ಕೆಟ್ಟ ಟೌ ಇದ್ದರೆ ಬಿಗಿಯಾಗಿ ಮುಚ್ಚಿರಬೇಕಾದ ಕ್ರೊಮ್ಯಾಟಿನ್ (ಹಿಸ್ಟೋನ್‌ಗೆ ಸುತ್ತಿಕೊಂಡ ಡಿಎನ್‌ಎ) ಸಡಿಲವಾಗುತ್ತೆ, ಮಲಗಿರಬೇಕಾದ ಜೀನ್‌ಗಳು ಏಳ್ತವೆ. ಆ ಸಡಿಲಿಕೆಯನ್ನ ಜೀನ್ ಬದಲಾವಣೆಯಿಂದ ತಡೆದರೆ, ಟೌ ಇದ್ದರೂ ನರಕೋಶದ ಸಾವು ಕಡಿಮೆಯಾಗುತ್ತೆ. ಟೌ ಆದಮೇಲೆ ಬರುತ್ತೆ, ಸಾವಿಗಿಂತ ಮೊದಲು ಬರುತ್ತೆ. ಶೀರ್ಷಿಕೆಯಲ್ಲಿರೋ ಪ್ರಶ್ನೆಗೆ ಎರಡೇ ಉತ್ತರ ಇಟ್ಟಿದ್ದೀರಿ, ಪ್ರಯೋಗಗಳು ಮೂರನೇದನ್ನ ಹೇಳ್ತಿವೆ.

ಅಂಕಿಲೆಕ್ಕ:
ಒಂದು ನಿಮಿಷ. ಎಚ್‌ಡ್ಯಾಕ್2 ಕಥೆಯಲ್ಲಿ ಕ್ರೊಮ್ಯಾಟಿನ್ ಅತಿಯಾಗಿ ಮುಚ್ಚಿದೆ. ಟೌ ಕಥೆಯಲ್ಲಿ ಅತಿಯಾಗಿ ತೆರೆದಿದೆ. ಎರಡೂ ನಿಜ ಆಗಿದ್ದರೆ ‘ತೆರೆಯುವ’ ಔಷಧಿ ಕೊಟ್ಟರೆ ಒಂದು ಕಡೆ ಉಪಕಾರ, ಇನ್ನೊಂದು ಕಡೆ ಅಪಕಾರ.

ಅದಕ್ಕೆ ಇನ್ನೊಂದು ಸೇರಿಸಿ. 2018ರಲ್ಲಿ ಎಚ್4ಕೆ16 ಅನ್ನೋ ಜಾಗದ ಅಸಿಟೈಲ್ ಗುರುತನ್ನ ಟೆಂಪೊರಲ್ ಲೋಬ್‌ನಲ್ಲಿ ನೋಡಿದರು. ಆರೋಗ್ಯವಂತರಲ್ಲಿ ವಯಸ್ಸಾಗ್ತಾ ಅದು ಹೆಚ್ಚಾಗುತ್ತೆ. ಅಲ್ಝೈಮರ್‌ನಲ್ಲಿ ಕಡಿಮೆಯಾಗುತ್ತೆ. ಅಂದರೆ ಕಾಯಿಲೆ ಮುಪ್ಪಿನ ವೇಗದ ರೂಪ ಅಲ್ಲ, ಮುಪ್ಪಿನಲ್ಲಿ ಆಗಬೇಕಾದ ಯಾವುದೋ ರಕ್ಷಣೆ ಆಗದೇ ಹೋದದ್ದು ಅಂತ ಓದಿಕೊಳ್ಳಬಹುದು. ಅದೇ ಗುಂಪು 2020ರಲ್ಲಿ ಬೇರೆ ಎರಡು ಅಸಿಟೈಲ್ ಗುರುತುಗಳು ರೋಗದಲ್ಲಿ ಹೆಚ್ಚಾಗೋದನ್ನ ಕಂಡಿತು. ಒಂದು ಇಳೀತಿದೆ, ಎರಡು ಏರ್ತಿವೆ. ಇದಕ್ಕೆ ಒಂದೇ ಮಾತ್ರೆ ಎಲ್ಲಿಂದ ತರ್ತೀರಿ?

ರಾತ್ರಿಪಾಳಿ:
ಮಾತ್ರೆ ಕೊಟ್ಟು ನೋಡಿಯೂ ಆಗಿದೆ, ಬೇರೆ ಉದ್ದೇಶಕ್ಕೆ. ವ್ಯಾಲ್ಪ್ರೊಯೇಟ್ ಅಪಸ್ಮಾರದ ಹಳೆಯ ಔಷಧಿ, ಹಿಸ್ಟೋನ್ ಡಿಅಸಿಟೈಲೇಸನ್ನೂ ತಡೆಯುತ್ತದೆ. 313 ಅಲ್ಝೈಮರ್ ರೋಗಿಗಳಿಗೆ 24 ತಿಂಗಳ ಪ್ರಯೋಗ ನಡೆದು 2011ರಲ್ಲಿ ಫಲಿತಾಂಶ ಬಂತು. ಉದ್ವೇಗ ತಡೆಯಲಿಲ್ಲ, ಮರೆವು ನಿಧಾನವಾಗಲಿಲ್ಲ. ಅಷ್ಟೇ ಅಲ್ಲ, ಔಷಧಿ ತೆಗೆದುಕೊಂಡವರ ಮಿದುಳು ಬೇರೆಯವರಿಗಿಂತ ಹೆಚ್ಚು ಕುಗ್ಗಿತ್ತು. ಕ್ಯಾನ್ಸರಿಗೆ 2006ರಲ್ಲೇ ಒಪ್ಪಿಗೆ ಪಡೆದ ವೊರಿನೊಸ್ಟಾಟ್ ಇದೇ ವರ್ಗದ್ದು; ಪ್ಲೇಟ್‌ಲೆಟ್ ಇಳಿಯುವುದು, ಸುಸ್ತು, ಭೇದಿ ಅದರಲ್ಲಿ ಮಾಮೂಲು. ಎಂಬತ್ತು ವರ್ಷದವರಿಗೆ ವರ್ಷಗಟ್ಟಲೆ ಕೊಡುವ ಔಷಧಿಯಲ್ಲ.

ತಿರುಗುಬಾಣ:
ವ್ಯಾಲ್ಪ್ರೊಯೇಟ್ ಹತ್ತು ಕಡೆ ಕೈಯಾಡಿಸುವ ಔಷಧಿ. ಅದು ಸೋತರೆ ಎಚ್‌ಡ್ಯಾಕ್2 ವಾದ ಸೋತ ಹಾಗಲ್ಲ. ಎಚ್‌ಡ್ಯಾಕ್2 ಒಂದನ್ನೇ ಹಿಡಿದು ನಿಲ್ಲಿಸುವ ಔಷಧಿ ಬರಲಿ, ಆಗ ಮಾತಾಡೋಣ.

ಜೀವಕೋಶಿ:
ಅಲ್ಲೇ ಕಷ್ಟ ಇರೋದು. ಎಚ್‌ಡ್ಯಾಕ್1, ಎಚ್‌ಡ್ಯಾಕ್2 ಎರಡರ ಕ್ರಿಯಾ ತಾಣವೂ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಕೂರೋ ಅಣು ಇನ್ನೊಂದಕ್ಕೂ ಕೂರುತ್ತೆ. ಎಚ್‌ಡ್ಯಾಕ್1 ಮಾಡೋ ಕೆಲಸ ಏನು ಅಂತ 2020ರಲ್ಲಿ ತ್ಸಾಯ್ ತಂಡವೇ ತೋರಿಸಿತು: ನರಕೋಶದ ಡಿಎನ್‌ಎಗೆ ಆಗುವ ಆಕ್ಸಿಡೇಟಿವ್ ಹಾನಿ ರಿಪೇರಿ ಮಾಡೋಕೆ ಅದು ಬೇಕು. ಅದಿಲ್ಲದ ಇಲಿಗಳಲ್ಲಿ ಹಾನಿ ಕೂಡಿಬಿತ್ತು, ನೆನಪು ಕೆಟ್ಟಿತು. ಅಲ್ಲಿ ಅವರು ಹುಡುಕಿದ್ದು ಎಚ್‌ಡ್ಯಾಕ್1 ಚುರುಕುಗೊಳಿಸೋ ಔಷಧಿ! ಒಂದೇ ಪ್ರಯೋಗಾಲಯ, ಅಣ್ಣತಮ್ಮಂದಿರಂಥ ಎರಡು ಕಿಣ್ವ, ಒಂದನ್ನ ತಗ್ಗಿಸಬೇಕು ಇನ್ನೊಂದನ್ನ ಏರಿಸಬೇಕು. ಅದಕ್ಕೇ ಈಗ ಕಿಣ್ವವನ್ನ ಬಿಟ್ಟು, ಅದನ್ನ ನೆನಪಿನ ಜೀನ್‌ಗಳ ಬಳಿಗೆ ಕರ್ಕೊಂಡು ಹೋಗುವ ಜತೆಗಾರ ಪ್ರೋಟೀನ್‌ಗಳನ್ನ ತಡೆಯೋ ಪ್ರಯತ್ನ ನಡೀತಿದೆ.

ಇನ್ನೊಂದು ದಾರಿ, ಒಂದೇ ಒಂದು ಜೀನನ್ನ ಎಪಿಜೆನೆಟಿಕ್ ಆಗಿ ಮುಚ್ಚೋದು. 2024ರಲ್ಲಿ, ಒಂದು ಪ್ರೋಟೀನ್ ತಪ್ಪಾಗಿ ಮಡಚಿಕೊಂಡು ಮಿದುಳು ಕೆಡಿಸುವ ಪ್ರಿಯಾನ್ ಕಾಯಿಲೆಗಾಗಿ ಇಲಿಗಳಲ್ಲಿ ಇದು ಆಯ್ತು. ವೈರಸ್ ವಾಹಕದಲ್ಲಿ ಕಳಿಸಿದ ಸಾಧನ ಪ್ರಿಯಾನ್ ಜೀನ್ ಮೇಲೆ ಮಿಥೈಲ್ ಹಚ್ಚಿ, ಮಿದುಳಿನಲ್ಲಿ ಆ ಪ್ರೋಟೀನನ್ನ ಶೇ. 80ಕ್ಕೂ ಹೆಚ್ಚು ಇಳಿಸಿತು. ಡಿಎನ್‌ಎ ಒಂದು ಅಕ್ಷರವೂ ಕತ್ತರಿಸಲಿಲ್ಲ. ಪ್ರಿಯಾನ್‌ನಲ್ಲಿ ವಿಲನ್ ಒಬ್ಬನೇ, ಹಾಗಾಗಿ ಸುಲಭ. ಅಲ್ಝೈಮರ್‌ನಲ್ಲಿ ಯಾವ ಜೀನ್, ಯಾವ ಕೋಶದಲ್ಲಿ, ಯಾವ ವಯಸ್ಸಲ್ಲಿ ಅನ್ನೋ ಮೂರು ಪ್ರಶ್ನೆಗೂ ಉತ್ತರ ಬೇಕು.

ಸಂದೇಹಿ:
ಆ ಉತ್ತರ ಹುಡುಕೋದು ಎಲ್ಲಿ? ಬದುಕಿರೋರ ಮಿದುಳು ಕತ್ತರಿಸೋಕಾಗಲ್ಲ. ಚರ್ಮದ ಕೋಶದಿಂದ ಕಾಂಡಕೋಶ ಮಾಡಿ ನರಕೋಶ ಬೆಳೆಸಿದರೆ ವಯಸ್ಸಿನ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಎಪ್ಪತ್ತರ ಅಜ್ಜನ ಕೋಶದಿಂದ ಹುಟ್ಟಿದ್ದು ಭ್ರೂಣದ ವಯಸ್ಸಿನ ನರಕೋಶ.

ಜೀವಕೋಶಿ:
ಕಾಂಡಕೋಶದ ಹಂತ ಹಾರಿಸಿ, ಚರ್ಮದ ಕೋಶವನ್ನ ನೇರವಾಗಿ ನರಕೋಶ ಮಾಡೋ ವಿಧಾನ ಇದೆ. ಅದರಲ್ಲಿ ವಯಸ್ಸಿನ ಗುರುತು ಬಹಳಷ್ಟು ಉಳಿಯುತ್ತೆ ಅಂತ 2015ರಲ್ಲೇ ತೋರಿಸಿದರು. 2021ರಲ್ಲಿ ಅಲ್ಝೈಮರ್ ರೋಗಿಗಳಿಂದ ಹೀಗೆ ಮಾಡಿದ ನರಕೋಶಗಳು ತಮ್ಮ ಪ್ರೌಢ ಸ್ವರೂಪವನ್ನ ಹಿಡಿದಿಟ್ಟುಕೊಳ್ಳಲಾಗದೆ ಹಿಂದಕ್ಕೆ ಜಾರ್ತಿರೋದು ಕಂಡಿತು. ಅದೇ ಜನರ ಕೋಶವನ್ನ ಕಾಂಡಕೋಶದ ದಾರಿಯಲ್ಲಿ ತಂದಾಗ ಈ ವ್ಯತ್ಯಾಸ ಇಲ್ಲ. ಪ್ಲೇಟಿನಲ್ಲಿ ಪ್ಲೇಕ್ ಇಲ್ಲ, ಸುತ್ತ ಮೈಕ್ರೋಗ್ಲಿಯಾ ಇಲ್ಲ, ಆದರೂ ಕಂಡಿತು. ಇದು ತಿರುಗುಬಾಣ ಅವರ ಪರ ಹೋಗುವ ಸಾಕ್ಷಿ, ಅವರು ಎತ್ತಲಿಲ್ಲ, ಹಾಗಾಗಿ ನಾನೇ ಎತ್ತಿದೆ.

ತಿರುಗುಬಾಣ:
ಇದನ್ನ ಮೊದಲೇ ಹೇಳಬಾರದಿತ್ತಾ 😄 ಸರಿ, ಹಾಗಾದರೆ ನನ್ನ ವಾದದ ‘ಹಿಂದಕ್ಕೆ ತಿರುಗಿಸಬಹುದು’ ಇನ್ನೂ ಜೀವಂತ ಇದೆ ಅಂತ ತಗೋತೀನಿ. ಯಾವ ಕೋಶ ಅನ್ನೋದು ಚರ್ಚೆಯ ವಿಷಯ.

ರಾತ್ರಿಪಾಳಿ:
ಇಲಿಯಲ್ಲಿ ಜೀವಂತ ಇದೆ ಎನ್ನಿ. ಸತ್ತ ನರಕೋಶಕ್ಕೆ ಯಾವ ಗುರುತು ಹಚ್ಚಿದರೂ ಅದು ಏಳುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಔಷಧಿ ಅಮಿಲಾಯ್ಡನ್ನು ಚೆನ್ನಾಗಿ ತೊಳೆಯುತ್ತದೆ; 18 ತಿಂಗಳಲ್ಲಿ ಕುಸಿತ ನಿಧಾನವಾದದ್ದು ಶೇ. 27. ನಿಂತದ್ದಲ್ಲ, ತಿರುಗಿದ್ದಲ್ಲ.

ಆರೈಕೆ:
ಕೊನೇದಾಗಿ ಒಂದು ಕೇಳ್ತೀನಿ. ನೀವೆಲ್ಲ ಲೆಕ್ಕ ಹಾಕಿದ ಆ 708 ಮಿದುಳು ಯಾರದ್ದು? ಅತ್ತೆಯದ್ದನ್ನ ಕೊಡಬಹುದಾ, ನನ್ನದನ್ನ?

ಅಂಕಿಲೆಕ್ಕ:
ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳು, ಜತೆಗೆ ಶಿಕಾಗೋ ಸುತ್ತಮುತ್ತಲ ಹಿರಿಯರು. ರಶ್ ವಿಶ್ವವಿದ್ಯಾಲಯದವರು ಸನ್ಯಾಸಿನಿಯರು, ಪಾದ್ರಿಗಳ ಅಧ್ಯಯನವನ್ನ 1994ರಲ್ಲಿ, ಶಿಕಾಗೋ ಹಿರಿಯರದ್ದನ್ನ 1997ರಲ್ಲಿ ಶುರು ಮಾಡಿದ್ದು. ಸೇರುವಾಗ ಇವರಿಗೆ ಮರೆವಿನ ಕಾಯಿಲೆ ಇರಲಿಲ್ಲ. ಸತ್ತ ಮೇಲೆ ಮಿದುಳು ಕೊಡ್ತೀವಿ ಅಂತ ಬರೆದುಕೊಟ್ಟೇ ಸೇರಿದ್ದು, ಪ್ರತಿ ವರ್ಷ ನೆನಪಿನ ಪರೀಕ್ಷೆಗೆ ಕೂರ್ತಿದ್ದರು. ಆ ದಾಖಲೆ ಇರೋದರಿಂದಲೇ ಲಕ್ಷಣ ಇಲ್ಲದೆ ಪ್ಲೇಕ್ ಇದ್ದವರು ಯಾರು ಅಂತ ಗೊತ್ತಾಗಿದ್ದು. ಇಲ್ಲದಿದ್ದರೆ ಮೇಲಿನ ಅರ್ಧ ಜಗಳ ಆಡೋಕೇ ಆಗ್ತಿರಲಿಲ್ಲ.

ರಾತ್ರಿಪಾಳಿ:
@ಆರೈಕೆ ಕೊಡಬಹುದು, ಮಿದುಳು ಬ್ಯಾಂಕ್ ಇರುವ ಕಡೆ ಮೊದಲೇ ಹೆಸರು ಬರೆಸಿರಬೇಕು. ಅಂಗದಾನದ ನೋಂದಣಿಯಲ್ಲಿ ಇದು ಸೇರುವುದಿಲ್ಲ, ಬೇರೆಯೇ ಒಪ್ಪಿಗೆ ಬೇಕು. ಸಾವಿನ ನಂತರ ಆದಷ್ಟು ಬೇಗ, ಗಂಟೆಗಳ ಲೆಕ್ಕದಲ್ಲಿ, ತೆಗೆಯಬೇಕಾಗುತ್ತದೆ. ಸಾಮಾನ್ಯವಾಗಿ ಒಂದು ಭಾಗ ಘನೀಕರಿಸುತ್ತಾರೆ, ಇನ್ನೊಂದನ್ನು ಫಾರ್ಮಲಿನ್‌ನಲ್ಲಿಡುತ್ತಾರೆ. ನಿಮ್ಮ ಅತ್ತೆಯವರಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಿದ್ದರೆ ಮನೆಯವರ ಒಪ್ಪಿಗೆಯ ನಿಯಮ ಏನೆಂದು ಆ ಬ್ಯಾಂಕಿನವರನ್ನೇ ಕೇಳಿ. ನಿಮ್ಮದನ್ನು ಕೊಡುತ್ತೇನೆಂದರೆ ಅವರಿಗೆ ಇನ್ನೂ ಖುಷಿ. ಹೋಲಿಕೆಗೆ ಬೇಕಾದ ಕಾಯಿಲೆ ಇಲ್ಲದ ಮಿದುಳುಗಳೇ ಯಾವಾಗಲೂ ಕಡಿಮೆ ಬೀಳುವುದು.